ಸೋಂಪಿನ ಮರ

ಹೋಟೆಲಿನಲ್ಲಿ ಊಟವಾದ ಮೇಲೆ ಬಿಲ್ಲಿನ ಜೊತೆ ಪುಟ್ಟ ಬಟ್ಟಲಲ್ಲಿ ಸೋಂಪು ತಂದಿಡುತ್ತಾರಲ್ಲ, ಅದನ್ನು ನಾನು ಮುಟ್ಟುವುದಿಲ್ಲ. ಜೊತೆಗಿದ್ದವರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಜಗಿದರೂ ಸಾಕು, ಆ ವಾಸನೆಗೆ ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತೇನೆ. ಹೋದ ತಿಂಗಳು ಕೋಲಾರದಲ್ಲಿ ಹೀಗೇ ಆಯಿತು. ನಮ್ಮ ಶಾಲೆಯ ಟೀಚರೊಬ್ಬರು ನಿವೃತ್ತರಾದರೆಂದು ಎಲ್ಲರೂ ಊಟಕ್ಕೆ ಹೋಗಿದ್ದೆವು. "ಯಾಕ್ ಮೇಡಂ, ಸೋಂಪು ಆಗಲ್ವಾ ನಿಮಗೆ?" ಎಂದು ಪಕ್ಕದವರು ಕೇಳಿದರು. ಆಗಲ್ಲ ಎಂದೆ. ಒಂದು ಮಾವಿನ ಮರ ನೆನಪಾಗುತ್ತದೆ ಎಂದಿದ್ದರೆ ನಗುತ್ತಿದ್ದರು. ನಿಮಗಾದರೆ ಹೇಳಬಹುದು. ಎಲ್ಲಿಯದೋ ಒಗ್ಗರಣೆಯ ಘಮಕ್ಕೆ ಹೋದವರೆಲ್ಲ ಬಂದು ಎದುರಿಗೆ ಕೂರುವುದು ನಿಮಗೂ ಗೊತ್ತಿದ್ದೇ ಇರುತ್ತದೆ.

ಅಪ್ಪನಿಗೆ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ. ಬೇಸಿಗೆ ರಜೆ ಬಂತೆಂದರೆ ನನ್ನನ್ನು ಶ್ರೀನಿವಾಸಪುರದ ಕಡೆ ಇದ್ದ ದೊಡ್ಡಪ್ಪನ ಮನೆಗೆ ಬಿಟ್ಟು ಬರುತ್ತಿದ್ದರು. ಊರಿನ ಅಂಚಿನಲ್ಲಿ ಮನೆ, ಮನೆಯ ಹಿಂದಿನಿಂದಲೇ ಮಾವಿನ ತೋಟ. ನಡುಮನೆಯ ಪಕ್ಕದಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಅಲ್ಲಿ ಹುಲ್ಲು ಹಾಸಿ ಕಾಯಿಗಳನ್ನು ಮಾಗಲೆಂದು ಅಡೆ ಹಾಕುತ್ತಿದ್ದರು. ಐದಾರು ದಿನ ಕಳೆದು ಆ ಕೋಣೆಯ ಬಾಗಿಲು ತೆಗೆದರೆ, ಅಬ್ಬಾ, ಬೆಚ್ಚಗಿನ ಹುಲ್ಲಿನ ವಾಸನೆಯೂ ಹಣ್ಣಿನ ವಾಸನೆಯೂ ಸೇರಿ ಮುಖಕ್ಕೆ ರಾಚುತ್ತಿತ್ತು. ದೊಡ್ಡಮ್ಮ ಆ ಕತ್ತಲಲ್ಲಿ ಕೈಯಾಡಿಸಿ, ಒತ್ತಿಯೂ ನೋಡದೆ, ಮೂಸಿಯೇ ಹಣ್ಣಾದುದನ್ನು ಆರಿಸುತ್ತಿದ್ದಳು. ಅಡುಗೆಯಲ್ಲೂ ಅಷ್ಟೇ. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಅವಳು ರುಚಿ ನೋಡಿದ್ದನ್ನು ನಾನು ಕಾಣೆ. ಕುದಿಯುವಾಗ ಬಂದ ಹಬೆಯನ್ನು ಒಮ್ಮೆ ಮೂಗಿಗೆ ಎಳೆದುಕೊಂಡರೆ ಮುಗಿಯಿತು, ಆಗಿದೆ ಎಂದರೆ ಆಗಿದೆ.

ದೊಡ್ಡಮ್ಮನ ತವರು ಮುಳಬಾಗಿಲಿನ ದೇವರಾಯಸಮುದ್ರ. ಮನೆಮಾತು ತೆಲುಗು. ಮದುವೆಯಾಗಿ ಬಂದ ದಿನ ಅತ್ತೆಮನೆಯಲ್ಲಿ ಅವಳು ಮೊದಲು ತಿಂದದ್ದು ತೋಟದ ಬದುವಿನ ಮೇಲಿದ್ದ ನಾಟಿ ಮರದ ಒಂದು ಹಣ್ಣು. ಯಾರೂ ನೆಡದೆ ಓಟೆ ಬಿದ್ದು ತಾನಾಗಿ ಎದ್ದ ಮರ. ಹಣ್ಣು ಮುಷ್ಟಿಯಷ್ಟು, ಸಿಪ್ಪೆ ತೆಳು, ಕಚ್ಚಿದರೆ ಜೇನಿನಂಥ ಸಿಹಿ, ನುಂಗಿದ ಮೇಲೆ ಗಂಟಲಲ್ಲಿ ಸೋಂಪಿನ ಘಮ. ಅದಕ್ಕೇ ಸೋಂಪಿನ ಮರ ಎಂದು ಹೆಸರು. ಬುಟ್ಟಿಯಲ್ಲಿಟ್ಟು ಮಂಡಿಗೆ ಒಯ್ದರೆ ದಾರಿಯಲ್ಲೇ ಒಡೆದು ರಸವಾಗುತ್ತಿತ್ತು. ಮಾರುವ ಹಾಗಿಲ್ಲ, ಹಂಚಬೇಕು ಅಷ್ಟೆ. ದೊಡ್ಡಮ್ಮ ಹಂಚುತ್ತಿದ್ದಳು. ಬಸ್ಸಿನ ಕಂಡಕ್ಟರಿಗೆ, ಪೋಸ್ಟಿನವನಿಗೆ, ಹಾಲಿನ ಡೇರಿಯ ಮುಂದೆ ಸಾಲಾಗಿ ನಿಂತ ಹೆಂಗಸರಿಗೆ. ಕೊಟ್ಟು ಎದುರಿಗೇ ನಿಂತು ತಿನ್ನಿಸಿ, "ಬಾಗುಂದಾ?" ಎನ್ನುತ್ತಿದ್ದಳು. ಚೆನ್ನಾಗಿದೆಯಾ ಎಂದು ಕೇಳುವುದಷ್ಟೇ ಹೊರತು ಉತ್ತರಕ್ಕೆ ಕಾಯುತ್ತಿರಲಿಲ್ಲ. ಚೆನ್ನಾಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆ ಮಾತು ಮುಗಿಯುವಷ್ಟರಲ್ಲಿ ಮುಂದಿನ ಮನೆಯ ಬಾಗಿಲಿಗೆ ಹೋಗಿರುತ್ತಿದ್ದಳು.

ಪಕ್ಕದ ತೋಟದ ಮುನಿಶಾಮಪ್ಪನಿಗೂ ದೊಡ್ಡಪ್ಪನಿಗೂ ಅದೇ ಬದುವಿನ ವಿಷಯಕ್ಕೆ ಮಾತಿಲ್ಲ. ಒಂದು ಮೊಳ ಜಾಗ, ವರ್ಷವಿಡೀ ಮುಖ ತಿರುಗಿಸಿಕೊಂಡು ಓಡಾಟ. ಆದರೆ ಸೋಂಪಿನ ಮರ ಹಣ್ಣಾದ ವಾರ ದೊಡ್ಡಮ್ಮ ನನ್ನ ತಲೆಯ ಮೇಲೆ ಬುಟ್ಟಿ ಹೊರಿಸಿ ಅವರ ಮನೆಗೆ ಕಳಿಸುತ್ತಿದ್ದಳು. ಸಂಜೆಗೆ ಅದೇ ಬುಟ್ಟಿ ತುಂಬ ಬದನೆಕಾಯಿ ಹೊತ್ತು ಮುನಿಶಾಮಪ್ಪನೇ ಬರುತ್ತಿದ್ದ. ಜಗಲಿಯ ಮೇಲೆ ಕೂರುತ್ತಿದ್ದ. "ಏನ್ಲಾ, ಮಳೆ ಬಂದಾತಾ ಈ ಸಲ?" ಎಂದು ದೊಡ್ಡಪ್ಪ ಎತ್ತಲೋ ನೋಡುತ್ತ ಕೇಳುತ್ತಿದ್ದರು. ಬದುವಿನ ಜಗಳ ಬಗೆಹರಿಯಲಿಲ್ಲ ನಿಜ, ಆದರೆ ಬೆಳೆಯಲೂ ಇಲ್ಲ. ವರ್ಷಕ್ಕೊಮ್ಮೆ ಆ ಹಣ್ಣು ಅದನ್ನು ಅಲ್ಲಿಗಲ್ಲಿಗೆ ನಿಲ್ಲಿಸುತ್ತಿತ್ತು.

ದೊಡ್ಡಮ್ಮ ನನಗೆ ತಿನ್ನುವುದನ್ನು ಕಲಿಸಿದಳು. ನಗಬೇಡಿ, ತಿನ್ನುವುದನ್ನೂ ಕಲಿಯಬೇಕು. ಕಣ್ಣು ಮುಚ್ಚಿಸಿ ಒಂದೊಂದು ಹೋಳು ಬಾಯಿಗಿಟ್ಟು ಯಾವ ಮರದ್ದು ಹೇಳು ಎನ್ನುತ್ತಿದ್ದಳು. ಮೊದಲ ವರ್ಷ ತಪ್ಪಿದೆ, ಎರಡನೆಯ ವರ್ಷ ಒಂದೂ ತಪ್ಪಲಿಲ್ಲ. "ನಮ್ಮ ಪಾಪಂದು ನನ್ನ ನಾಲಿಗೇನೇ" ಎಂದು ಊರೆಲ್ಲ ಹೇಳಿಕೊಂಡು ಬಂದಳು. ಅವಳ ಮಗ ನಾಗಣ್ಣನಿಗೂ ಸಿಗದ ಬಿರುದು ಅದು. ನಾನು ಬೀಗಿದೆ.

ಆ ಹೊತ್ತಿಗೆ ಊರೆಲ್ಲ ತೋತಾಪುರಿ ಹಾಕತೊಡಗಿತ್ತು. ಜ್ಯೂಸ್ ಫ್ಯಾಕ್ಟರಿಯವರು ಕೊಳ್ಳುವುದು ಅದನ್ನೇ. ನಾಟಿ ಮರಗಳ ನೆರಳಲ್ಲಿ ಹೊಸ ಗಿಡ ಏಳುವುದಿಲ್ಲ ಎಂದು ನಾಗಣ್ಣ ವರಾತ ಹಚ್ಚಿದ್ದ. ದೊಡ್ಡಪ್ಪ ಕೊನೆಗೆ ವರ್ಷಕ್ಕೊಂದು ಮರ ತೆಗೆಯುವುದೆಂದು ಒಪ್ಪಿದರು. ಯಾವುದನ್ನು? ರುಚಿಯಿಲ್ಲದ್ದನ್ನು. ಅವರಿಗೆ ಸಕ್ಕರೆ ಕಾಯಿಲೆ, ತಿಂದು ನೋಡುವ ಹಾಗಿಲ್ಲ. ಅದಕ್ಕೇ ರಜೆಗೆ ಬಂದ ಮಕ್ಕಳನ್ನೆಲ್ಲ ಜಗಲಿಯ ಮೇಲೆ ಕೂರಿಸಿ, ಒಂದೊಂದು ಮರದ ಹಣ್ಣು ಕೊಯ್ದು ಕೊಟ್ಟು ಕೇಳುತ್ತಿದ್ದರು. "ಮಕ್ಕಳಿಗೆ ಮಂಡಿ ರೇಟು ಗೊತ್ತಿಲ್ಲ, ಸುಳ್ಳು ಹೇಳಲ್ಲ" ಎನ್ನುವುದು ಅವರ ನಂಬಿಕೆ. ಎರಡು ವರ್ಷ ಎರಡು ಮರ ಹೋದವು. ಎರಡೂ ನಿಜಕ್ಕೂ ಸಪ್ಪೆ.

ಮೂರನೆಯ ವರ್ಷ ನನಗೆ ಹತ್ತು ತುಂಬಿತ್ತು. ಹಣ್ಣು ಕೊಯ್ದು ಕೇಳುವ ದಿನದ ಬೆಳಿಗ್ಗೆ ನಾನು ಒಂದು ಹಣ್ಣನ್ನು ಅರ್ಧ ಕಚ್ಚಿ ತಿಪ್ಪೆಗೆ ಎಸೆದೆ. ಅಷ್ಟು ಹಣ್ಣಿದ್ದ ಮನೆಯಲ್ಲಿ ಯಾರಿಗೆ ಲೆಕ್ಕ? ದೊಡ್ಡಮ್ಮ ನೋಡಿಬಿಟ್ಟಳು. ಕಿವಿ ಹಿಡಿದು ಕರೆದೊಯ್ದು ನನ್ನ ಕೈಯಿಂದಲೇ ಅದನ್ನು ಹೆಕ್ಕಿಸಿ, ತೊಳೆಸಿ, ಎಲ್ಲರ ಮುಂದೆ ತಿನ್ನಿಸಿದಳು. "ಎಷ್ಟು ಬಿಸಿಲು ಕುಡಿದು ಆಗಿರೋ ಹಣ್ಣು ಕಣೇ ಇದು. ಇದಕ್ಕೇ ಮರ್ಯಾದೆ ಕೊಡ್ದೋಳು ನಾಳೆ ಮನುಷ್ಯರಿಗೆ ಕೊಡ್ತೀಯಾ?" ಮಕ್ಕಳೆಲ್ಲ ನಕ್ಕರು. ತಿಪ್ಪೆರಾಣಿ, ತಿಪ್ಪೆರಾಣಿ ಎಂದು ಕುಣಿದರು. ಆ ಅವಮಾನ ನನ್ನ ನೆತ್ತಿಗೇರಿತು.

ಮಧ್ಯಾಹ್ನ ದೊಡ್ಡಪ್ಪ ಚಾಕು ಹಿಡಿದು ಕುಳಿತರು. ಸೋಂಪಿನ ಮರದ ಹೋಳು ನನ್ನ ಕೈಗೆ ಬಂತು. ಬಾಯಿಗಿಟ್ಟ ತಕ್ಷಣ ಗೊತ್ತಾಯಿತು, ಅದು ಎಂದಿನಂತೆಯೇ ಇತ್ತು. ಎಂದಿಗಿಂತ ಸಿಹಿಯಾಗಿಯೇ ಇತ್ತು. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮನನ್ನು ನೋಡಿಕೊಂಡೇ "ಹುಳಿ" ಎಂದೆ. "ನಾರು ಬೇರೆ" ಎಂದೆ. ನನ್ನ ನಾಲಿಗೆಯೇ ಹಾಗೆಂದ ಮೇಲೆ ಉಳಿದ ಮಕ್ಕಳು ಕೇಳಬೇಕೆ, ಹುಳಿ ಹುಳಿ ಎಂದು ಕೂಗಿದರು. ನಾಗಣ್ಣ ತೊಡೆ ತಟ್ಟಿದ. "ಎಲ್ಲಾದ್ರೂ ಉಂಟಾ" ಎಂದು ದೊಡ್ಡಮ್ಮ ಮುಂದೆ ಬಂದು ಅದೇ ಹಣ್ಣಿನ ಇನ್ನೊಂದು ಹೋಳು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು. ನನ್ನ ಮುಖ ನೋಡಿದಳು. ಬೈಯುತ್ತಾಳೆ, ನಾನು ಅಳುತ್ತೇನೆ, ಎಲ್ಲ ಸರಿಹೋಗುತ್ತದೆ ಎಂದು ನಾನು ಕಾಯುತ್ತಿದ್ದೆ. ಅವಳು ಬೈಯಲಿಲ್ಲ. "ಹೌದೇನೋ" ಎಂದು ಮೆಲ್ಲಗೆ ಅಂದು ಒಳಗೆ ಹೋದಳು.

ಮಾತೆಂದರೆ ಮಾತು ಎನ್ನುವ ಮನುಷ್ಯ ದೊಡ್ಡಪ್ಪ. ಶಾಲೆ ತೆರೆದು ನಾನು ಮಾಲೂರಿಗೆ ಬಂದ ಮೇಲೆ ಮರ ಉರುಳಿತು. ಸೌದೆ ಲಾರಿಯಲ್ಲಿ ಬಂದದ್ದೂ ನಮ್ಮ ಮಾಲೂರಿನ ಇಟ್ಟಿಗೆ ಗೂಡಿಗೇ ಎಂದು ಅಪ್ಪ ಹೇಳಿದರು. ಅಂದು ನಾನು ಊಟ ಮಾಡಲಿಲ್ಲ. ಒಂದು ಕಡ್ಡಿ ಕಸಿ ಕಟ್ಟಿದ್ದರೂ ಆ ಹಣ್ಣು ಉಳಿಯುತ್ತಿತ್ತು. ಹುಳಿ ಹಣ್ಣಿಗೆ ಯಾರು ಕಸಿ ಕಟ್ಟುತ್ತಾರೆ? ಮುಂದಿನ ಬೇಸಿಗೆಯಲ್ಲಿ ಬದುವಿನ ಮೇಲೆ ಬಿಸಿಲು ಬಿದ್ದಿತ್ತು. ಮುನಿಶಾಮಪ್ಪನ ಮನೆಗೆ ಬುಟ್ಟಿ ಹೋಗಲಿಲ್ಲ, ಬದನೆಕಾಯಿ ಬರಲಿಲ್ಲ. ಅದರ ಮರುವರ್ಷ ಅವನು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದ. ದೊಡ್ಡಪ್ಪ ಕೋರ್ಟಿಗೆ ಹೋದರು. ಅವರು ತೀರಿಕೊಂಡಾಗ ಮುನಿಶಾಮಪ್ಪ ಮಣ್ಣಿಗೂ ಬರಲಿಲ್ಲ.

ಇದೆಲ್ಲಕ್ಕಿಂತ ನನ್ನನ್ನು ತಿನ್ನುವುದು ಬೇರೆ. ಮರ ಹೋದ ಮರುಬೇಸಿಗೆಯಲ್ಲೇ ಕಂಡೆ: ದೊಡ್ಡಮ್ಮ ಒಲೆಯ ಮುಂದಿನಿಂದ ಸೌಟು ಹಿಡಿದು ಬಂದು, ಸಿಕ್ಕವರ ಅಂಗೈಗೆ ಒಂದು ತೊಟ್ಟು ಸಾರು ಬಿಟ್ಟು, "ಉಪ್ಪು ನೋಡಮ್ಮ, ನನಗೆ ಈಚೆಗೆ ಗೊತ್ತಾಗಲ್ಲ" ಎನ್ನುತ್ತಿದ್ದಳು. ಸಾರು ಎಂದಿನಂತೆಯೇ ಸರಿಯಾಗಿರುತ್ತಿತ್ತು. ಅವಳ ನಾಲಿಗೆಗೆ ಏನೂ ಆಗಿರಲಿಲ್ಲ. ಅವಳು ತನ್ನ ನಾಲಿಗೆಯನ್ನು ಬಿಟ್ಟು ನನ್ನದನ್ನು ನಂಬಿದ್ದಳು, ಅಷ್ಟೆ. ಆಗ ಹೇಳಬಹುದಿತ್ತು. ಎಷ್ಟು ಸಲ ಬಾಯಿಯವರೆಗೆ ಬಂತು. ಹನ್ನೊಂದು ವರ್ಷದವಳಿಗೆ ಹೆದರಿಕೆ, ಇಪ್ಪತ್ತಕ್ಕೆ ನಾಚಿಕೆ, ಆಮೇಲೆ ಈಗ ಹೇಳಿ ಏನು ಪ್ರಯೋಜನ ಎಂಬ ಸೋಮಾರಿತನ. ಥೂ ನನ್ನ ಜನ್ಮಕ್ಕಿಷ್ಟು!

ಕೊನೆಯ ವರ್ಷಗಳಲ್ಲಿ ಅವಳು ಕೋಲಾರದಲ್ಲಿ ನಾಗಣ್ಣನ ಮನೆಯಲ್ಲಿದ್ದಳು. ಹೋದ ವರ್ಷ ಮೇ ತಿಂಗಳಲ್ಲಿ ಅಂಗಡಿಯಿಂದ ಹಣ್ಣು ಕೊಂಡು ನೋಡಲು ಹೋದೆ. ಇವತ್ತು ಹೇಳಿಯೇಬಿಡುವುದೆಂದು ದಾರಿಯಲ್ಲೆಲ್ಲ ಮಾತು ಜೋಡಿಸಿಕೊಂಡಿದ್ದೆ. ಹಣ್ಣು ಕೊಯ್ದು ನಾನೊಂದು ಹೋಳು ತಿಂದೆ, ಅವಳ ಬಾಯಿಗೊಂದು ಇಟ್ಟೆ. ಪುಡಿ ಹಾಕಿ ಮಾಗಿಸಿದ ಹಣ್ಣು. ಮೇಲೆ ಹಳದಿ, ಒಳಗೆ ಸಪ್ಪೆ, ನಾಲಿಗೆಗೆ ಒಗರು. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು, ಅಂದು ಜಗಲಿಯ ಮೇಲೆ ಅಗಿದ ಹಾಗೆಯೇ. ಹುಬ್ಬು ಗಂಟಿಕ್ಕಿತು. ಆಮೇಲೆ ನನ್ನ ಕೈ ಹಿಡಿದು ಕೇಳಿದಳು.

"ಬಾಗುಂದಾ, ಪಾಪಾ?"

ಈ ಸಲ ಅವಳು ಉತ್ತರಕ್ಕೆ ಕಾದಳು.

"ಚೆನ್ನಾಗಿದೆ ದೊಡ್ಡಮ್ಮ" ಎಂದೆ.

"ನೀನು ಹೇಳಿದ ಮೇಲೆ ಸರಿ" ಎಂದು ತಲೆಯಾಡಿಸಿ, ಇನ್ನೊಂದು ಹೋಳಿಗೆ ಬಾಯಿ ತೆರೆದಳು.