ಬೆಕ್ಕಿನ ಎತ್ತರದಿಂದ ಅಪ್ಪನ ಕಾಲು

ನಾನು ಈವರೆಗೆ ಒಬ್ಬ ಮನುಷ್ಯನ ಮುಖದ ಚಿತ್ರವನ್ನೂ ಬರೆದವಳಲ್ಲ. ಒಂದು ವಾರಪತ್ರಿಕೆಯ ಮಕ್ಕಳ ಪುಟದಲ್ಲಿ ನಮ್ಮ ಮನೆಯ ಬೆಕ್ಕಿನ ಮರಿಯ ಚಿತ್ರಕಥೆ ವಾರಕ್ಕೆ ನಾಲ್ಕು ಚೌಕಗಳಂತೆ ಬರುತ್ತದೆ, ಬರೆಯುವವಳು ನಾನು. ಅದರಲ್ಲಿ ಅಪ್ಪ, ಅವ್ವ ಇಬ್ಬರೂ ಇದ್ದಾರೆ, ಆದರೆ ಮೊಣಕಾಲಿನವರೆಗೆ ಮಾತ್ರ. ಮರಿಯ ಕಣ್ಣಿಗೆ ಕಾಣುವುದು ಅಷ್ಟೇ ಎಂದು ಸಂಪಾದಕರಿಗೆ ಹೇಳಿದ್ದೆ. ನಿಜವಾದ ಕಾರಣ ಬೇರೆ: ನಮ್ಮ ಮನೆಯವರನ್ನು ಯಾರೂ ಗುರುತಿಸಬಾರದು.

ಈ ಉಪಾಯ ಎಷ್ಟು ಜಾಣತನದ್ದೆಂದರೆ ಮೊದಲ ವಾರವೇ ನಮ್ಮೂರು ಕಂಪ್ಲಿಯ ಅರ್ಧ ಜನ ನಮ್ಮನ್ನು ಗುರುತಿಸಿದರು. ಭತ್ತದ ಸೀಮೆಯವರಿಗೆ ಕಾಲೇ ವಿಳಾಸ ಎಂಬುದನ್ನು ಧಾರವಾಡದಲ್ಲಿ ಎಂ.ಎ. ಮುಗಿಸುವಷ್ಟರಲ್ಲಿ ಮರೆತಿದ್ದೆ. ನಾಟಿಯ ಕೆಸರಿನಲ್ಲಿ ಬಗ್ಗಿ ನಿಂತವರು ದಿನವಿಡೀ ನೋಡುವುದು ಪಕ್ಕದವರ ಕಾಲನ್ನೇ. "ಆ ಕಾಲುಂಗುರ ನಿಮ್ಮವ ಅಲ್ರಿ ಅಕ್ಕಾರ?" ಎಂದು ಎದುರುಮನೆಯವರು ಅವ್ವನನ್ನು ಕೇಳಿದರು. ಅವ್ವ ನನ್ನತ್ತ ತಿರುಗಿ, "ಕಾಲುಂಗುರ ಇರ್ಲಿ, ಹರದ ಸೀರಿ ಅಂಚನ್ನೂ ಬರಿಬೇಕಿತ್ತೇನು? ಒಂದು ಹೊಲಿಗಿ ಹಾಕಿದ್ರ ನಿನ್ನ ಪೆನ್ನು ಸವೀತಿತ್ತಾ?" ಎಂದಳು.

ಮರಿಯ ಹೆಸರು ಸೋನಾ. ಎಮ್ಮಿಗನೂರಿನ ಸೋದರತ್ತೆ ಅದನ್ನು ಸೋನಾ ಮಸೂರಿಯ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ ಕೊಟ್ಟಿದ್ದಳು. ದಾರಿ ಕಂಡರೆ ಮರಿ ತಿರುಗಿ ಹೋಗುತ್ತದಂತೆ. ನಾನು ಓದಿದ್ದು ಇತಿಹಾಸ. ಹಂಪಿಯ ಗುಡಿಗಳ ಗೋಡೆಗಳಲ್ಲಿ ಆನೆ, ಕುದುರೆ, ಕೋತಿ, ಹಂಸಗಳನ್ನೆಲ್ಲ ಗುರುತು ಹಾಕಿಕೊಂಡಿದ್ದೇನೆ. ಬೆಕ್ಕು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಕಂಡವರು ತಿಳಿಸಿದರೆ ತಿದ್ದಿಕೊಳ್ಳುತ್ತೇನೆ. ಶಿಲ್ಪಿ ಉಳಿ ಎತ್ತುವಷ್ಟರಲ್ಲಿ ಅದು ಎದ್ದು ಹೋಗಿರಬೇಕೆಂದು ನನ್ನ ಊಹೆ. ಸೋನಾ ನನಗೂ ಹಾಗೇ ಮಾಡುತ್ತದೆ. ಅದು ಅಲುಗಾಡದೆ ಮಲಗುವುದು ಒಂದೇ ಕಡೆ, ಅಪ್ಪನ ಬಲಗಾಲಿನ ಪಕ್ಕ. ಆ ಕಾಲಿಗೆ ಕಿರುಬೆರಳಿಲ್ಲ. ಖಾಲಿ ಜಾಗ ಮರಿಯ ಗದ್ದಕ್ಕೆ ಅಳತೆ ತೆಗೆದಂತಿದೆ.

ಆ ನಿದ್ದೆಯನ್ನು ಬರೆಯುವಾಗ ನಾನು ಕಾಲಿಗೆ ಐದು ಬೆರಳು ಹಾಕಿದೆ. ಅಪ್ಪನ ಊನವನ್ನು ನಾಡಿಗೆಲ್ಲ ತೋರಿಸುವುದು ಮರ್ಯಾದೆಯಲ್ಲ ಎನಿಸಿತು. ಪತ್ರಿಕೆ ಬಂದ ದಿನ ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ.

"ಇದು ಯಾರ ಕಾಲು?"

"ನಿಂದ ಅಪ್ಪಾ," ಎಂದೆ.

"ನನಗ ಐದನೇ ಬೆರಳು ಯಾವಾಗ ಹುಟ್ತು?"

"ಹುಡುಗಿ ಮರ್ಯಾದಿ ಮಾಡ್ಯಾಳ, ಸುಮ್ನಿರ್ರಿ," ಎಂದಳು ಅವ್ವ.

"ಎಂಥಾ ಮರ್ಯಾದಿ? ಕಾಲಿವ್ಯಾಗ ನೀರು ಬಂದ ವರ್ಷ ಹೊಲಾನ ಗದ್ದಿ ಮಾಡೋವಾಗ ನಂದ ಗುದ್ದಲಿ ಬಿದ್ದು ಹೋದ ಬೆರಳದು. ಅದನ್ನ ನೆಟ್ಟು ಭತ್ತ ಬೆಳದೀನಿ. ಐದು ಬೆರಳಿದ್ರ ಅದು ಬ್ಯಾರೆಯವರ ಕಾಲು. ಬ್ಯಾರೆಯವರ ಕಾಲತ್ರ ನಮ್ಮ ಬೆಕ್ಕು ಯಾಕ ಮಲಗೈತಿ, ಹೇಳು."

ಮುಂದಿನ ಕಂತಿನಲ್ಲಿ ನಾಲ್ಕೇ ಬೆರಳು ಬರೆದು ಕಳಿಸಿದೆ. ಸಂಪಾದಕರ ಕಾಗದ ಬಂತು. ಬಲಗಾಲಿನಲ್ಲಿ ಒಂದು ಬೆರಳು ಬಿಟ್ಟುಹೋಗಿದೆ; ಮಕ್ಕಳು ಎಣಿಸುತ್ತಾರೆ, ನಗುತ್ತಾರೆ; ತಿದ್ದಿ ಕಳಿಸದಿದ್ದರೆ ಮಾಲೆಯನ್ನು ನಿಲ್ಲಿಸಬೇಕಾಗುತ್ತದೆ.

ಎರಡು ದಿನ ಆ ಕಾಗದವನ್ನು ಯಾರಿಗೂ ತೋರಿಸಲಿಲ್ಲ. ಒಂದು ಗೆರೆ ಎಳೆದರೆ ಸಾಕಿತ್ತು. ಓದು ಮುಗಿಸಿ ಮನೆಯಲ್ಲಿ ಕೂತವಳ ಬಗ್ಗೆ ಬಂದವರು ಮದುವೆಯ ಮಾತನ್ನು ಬಿಟ್ಟು ಬೇರೆ ಏನಾದರೂ ಆಡುತ್ತಿದ್ದರೆ ಅದು ಈ ನಾಲ್ಕು ಚೌಕಗಳ ದೆಸೆಯಿಂದ. ಅವೂ ಹೋದರೆ ನನ್ನದೆಂದು ಹೇಳಿಕೊಳ್ಳುವ ಕೆಲಸವೇ ಉಳಿಯುತ್ತಿರಲಿಲ್ಲ. ಪೆನ್ಸಿಲನ್ನು ಎರಡು ಸಲ ಚೂಪು ಮಾಡಿದೆ. ಕೊನೆಗೆ ಅದನ್ನು ಬದಿಗಿಟ್ಟು ಸಂಪಾದಕರಿಗೆ ಒಂದು ಅಂಚೆ ಕಾರ್ಡಿನಲ್ಲಿ ಬರೆದು ಹಾಕಿದೆ: "ಬೆರಳು ಬಿಟ್ಟುಹೋಗಿಲ್ಲ, ಗದ್ದೆಯಲ್ಲಿದೆ. ಆ ಕಾಲು ನನ್ನ ತಂದೆಯದು. ಐದು ಬರೆಯಲಾರೆ." ಮನೆಯವರನ್ನು ಮರೆಮಾಡಲು ಹೊರಟವಳು, ಯಾರು ಬೇಕಾದರೂ ಓದಬಹುದಾದ ಕಾರ್ಡಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡಿದ್ದೆ.

ಮೂರು ವಾರ ನಮ್ಮ ಜಾಗದಲ್ಲಿ ಚುಕ್ಕಿ ಸೇರಿಸಿ ಮೊಲ ಬರೆಯುವ ಆಟ ಬಂತು. ನಾಲ್ಕನೆಯ ವಾರ ಸೋನಾ ಬಂತು, ನಾಲ್ಕು ಬೆರಳಿನ ಕಾಲಿಗೆ ಗದ್ದವೂರಿ, ಎಂದಿಗಿಂತ ದೊಡ್ಡ ಚೌಕದಲ್ಲಿ. ಅಪ್ಪ ಪತ್ರಿಕೆ ಹಿಡಿದು ಸಂಜೆಯವರೆಗೆ ಕಟ್ಟೆ ಬಿಟ್ಟು ಏಳಲಿಲ್ಲ. ಪಕ್ಕದ ಗದ್ದೆಯ ಹನುಮಂತಪ್ಪ ಕಾಕಾ ಬಂದು, ಚಿತ್ರ ನೋಡಿ, ತನ್ನ ಹಿಮ್ಮಡಿಯನ್ನು ನನ್ನ ಮುಂದೆ ಚಾಚಿದ. "ತಂಗೀ, ಇಂಥಾ ಬಿರುಕು ಜಿಲ್ಲಾದಾಗ ಸಿಗೂದಿಲ್ಲ. ನಂದೂ ಒಂದು ಬರಿ."

ಅಪ್ಪ ಪತ್ರಿಕೆಯಿಂದ ತಲೆಯೆತ್ತಲಿಲ್ಲ. "ಮೊದ್ಲ ತೊಳಕೊಂಡು ಬಾರ್ಲೇ. ಆಕಿ ಇದ್ದದ್ದನ್ನ ಇದ್ದಂಗ ಬರೀತಾಳ."

ಅಪ್ಪ ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ಇನ್ನೊಬ್ಬರನ್ನು ಬೈಯುತ್ತ. ಎಂ.ಎ. ಪ್ರಮಾಣಪತ್ರ ಪೆಟ್ಟಿಗೆಯಲ್ಲಿದೆ, ಈ ಮಾತನ್ನು ಮಾತ್ರ ದಿನವೂ ತೆಗೆದು ನೋಡುತ್ತೇನೆ. ಅದಕ್ಕೆ ನಾನು ಪೂರ್ತಿ ಅರ್ಹಳಲ್ಲ ಎಂದು ನಿಮಗೆ ಹೇಳಿಬಿಡುವುದು ಒಳ್ಳೆಯದು: ಸೋನಾನ ಮೀಸೆಯನ್ನು ಇರುವುದಕ್ಕಿಂತ ಕೊಂಚ ಉದ್ದವಾಗಿಯೇ ಬರೆಯುತ್ತೇನೆ. ಅದರಿಂದ ಇನ್ನೂ ಯಾವ ತಕರಾರೂ ಬಂದಿಲ್ಲ.