ನಾನು ಕತ್ತರಿಸಿದ ‘ತಪ್ಪಾತಣ್ಣಾ’

ಇಮಾಮಭಾಯಿ, ನಮ್ಮ ಹೀರೋನ ಸಿನಿಮಾದ ಎರಡನೇ ಭಾಗವೆಂದು ನಾನು ನಿಮಗೆ ತೋರಿಸಿದ್ದು ಪೂರ್ತಿ ಸಿನಿಮಾ ಅಲ್ಲ. ಅದನ್ನು ಕತ್ತರಿಸಿದವನು ನಾನು. ಕತ್ತರಿಸಿದ್ದು ಒಂದೇ ಒಂದು ದೃಶ್ಯ — ಆದರೆ ಎಲ್ಲ ಅದರಲ್ಲೇ ಇತ್ತು.

ನಾನು ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ. ಇದನ್ನೂ ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಎದುರಿಗೆ ಹೇಳಬೇಕೆಂದು ಎಷ್ಟೋ ಸಲ ನಿಮ್ಮ ಗ್ಯಾರೇಜಿನ ತನಕ ಬಂದೆ. “ಬಾರಲೇ ಪರಸ್ಯಾ, ಚಾ ಕುಡಿ” ಎನ್ನುತ್ತಿದ್ದಿರಿ. ನಾನು — ಚಾ ಕುಡಿದು ವಾಪಸ್ ಬರುತ್ತಿದ್ದೆ.

ಮೊದಲ ಭಾಗ ನಾವಿಬ್ಬರೂ ಕೂಡಿಯೇ ನೋಡಿದ್ದೆವು. ಹೀರೋ ತನ್ನ ಸ್ವಂತ ಅಣ್ಣನನ್ನು ಜನರೆದುರು ಬೈದು ಮನೆಯಿಂದ ಹೊರಗೆ ಹಾಕುತ್ತಾನೆ. ನಾನು ಶಿಳ್ಳೆ ಹೊಡೆದೆ. ನೀವು ಹೊಡೆಯಲಿಲ್ಲ. ಯಾಕೆಂದು ಆಗ ನನಗೆ ಹೊಳೆಯಲಿಲ್ಲ. ನಿಮಗೆ ಕೆಲಸ ಕಲಿಸಿದ ಅಣ್ಣ ಹಸನಭಾಯಿಗೆ ಅದಕ್ಕೂ ಮುಂಚೆ ನೀವೂ ಒಂದು ದಿನ ಗಿರಾಕಿಗಳ ಮುಂದೆ, “ನಿನ್ನ ಕೈ ನಡಗತಾವು, ಗಾಡಿ ಮುಟ್ಟಬ್ಯಾಡ, ದೂರ ಸರಿ” ಎಂದಿದ್ದಿರಿ. ಅವರು ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು, ಕೈ ಒರೆಸಿಕೊಂಡು, ದಾಂಡೇಲಿ ಬಿಟ್ಟು ಮುಂಡಗೋಡಿಗೆ ಹೋದರು.

ಎರಡನೇ ಭಾಗ ಬಂದಾಗ ಗಾಡಿ ಎತ್ತಿದ್ದ ಜಾಕ್ ಜಾರಿ ನಿಮ್ಮ ಕಾಲು ಮುರಿದಿತ್ತು. ನಾನು ಗೆಳೆಯರ ಜೊತೆ ನೋಡಿ ಬಂದೆ. ಕೊನೆಯಲ್ಲಿ ಹೀರೋ ಅಣ್ಣನ ಮನೆ ಹುಡುಕಿಕೊಂಡು ಹೋಗಿ, ಒಳಗಿನಿಂದ ಅಳುತ್ತ ಓಡಿಬಂದ ಅವನ ಕಾಲನ್ನು ಹೊಸ್ತಿಲಲ್ಲೇ ಹಿಡಿದು, “ತಪ್ಪಾತಣ್ಣಾ” ಎಂದು ಅಳುತ್ತಾನೆ. ನಮ್ಮ ಹುಡುಗರು ಕೆಂಡವಾದರು. “ನಮ್ಮ ಬಾಸ್ ಕಾಲಿಗೆ ಬೀಳೂದಂದ್ರೇನಲೇ? ಡೈರೆಕ್ಟರ್‌ಗ ತಲಿ ಐತಿಲ್ಲೋ?” ನನಗೂ ಹಾಗೇ ಅನಿಸಿತು. ಹಾಸಿಗೆ ಹಿಡಿದ ನಿಮಗೆ ಅವನು ಸೋತದ್ದನ್ನು ತೋರಿಸುವುದೇ? — ಅದನ್ನು ಪ್ರೀತಿ ಎಂದುಕೊಂಡಿದ್ದೆ.

ಸಿನಿಮಾ ಫೋನಿಗೆ ಬಂದ ಮೇಲೆ ಕತ್ತರಿ ಹಾಕಿದೆ. ಹೀರೋ ಹೋಗುವುದನ್ನು ತೆಗೆದೆ, ಕಾಲು ಹಿಡಿಯುವುದನ್ನು ತೆಗೆದೆ, ಆ ಮಾತನ್ನು ತೆಗೆದೆ. ಮೊದಲ ಭಾಗದಲ್ಲಿ ಅವನು ಎದೆಯುಬ್ಬಿಸಿ ನಿಂತಿದ್ದ ತುಣುಕು ತಂದು ಅಂಟಿಸಿದೆ. ಅಳುತ್ತ ಓಡಿಬರುವ ಅಣ್ಣ ಈಗ ತಾನಾಗಿಯೇ ಕ್ಷಮೆ ಕೇಳಲು ಬಂದಂತೆ ಕಾಣುತ್ತಿದ್ದ. “ಈಗ ನೋಡು, ಬಾಸ್ ಬಾಸ್‌ನಂಗ ಕಾಣ್ತಾನ” ಎಂದು ಹುಡುಗರು ಬೆನ್ನು ತಟ್ಟಿದರು.

ಬಂಗೂರನಗರದ ನಿಮ್ಮ ಮನೆಯಲ್ಲಿ ದಿಂಬಿಗೆ ಫೋನು ಆನಿಸಿ ತೋರಿಸಿದೆ. ಮುಗಿದಾಗ ನಿಮ್ಮ ಕಣ್ಣು ಒದ್ದೆಯಾಗಿತ್ತು. “ನೋಡಿದೇನಲೇ ಪರಸ್ಯಾ? ಅಣ್ಣ ತಾನ ಬಂದ. ದೊಡ್ಡಾವ್ರು ಹಂಗ. ನಮ್ಮಾಂವನೂ ಬರ್ತಾನ ತಗೋ.”

ಆಮೇಲೆ ನೀವು ಕಾದಿರಿ. ಕಾಲು ಕೂಡಿತು. ಮುಂಡಗೋಡಿನ ಬಸ್ಸು ಗ್ಯಾರೇಜಿನ ಮುಂದೆಯೇ ಹಾದುಹೋಗುತ್ತಿತ್ತು, ನೀವು ಹತ್ತಲಿಲ್ಲ. ಹಸನಭಾಯಿಯ ಮಗಳ ಮದುವೆಗೂ ಹೋಗಲಿಲ್ಲ. “ಅಂವ ಬಂದು ಕರೀಲಿ” ಎಂದಿರಿ. ನಾನು ಪಕ್ಕದಲ್ಲೇ ಇದ್ದೆ — ಬಾಯಿ ಬಿಡಲಿಲ್ಲ.

ಈಗ ಹಸನಭಾಯಿಗೆ ಲಕ್ವಾ ಹೊಡೆದಿದೆ. ಎದ್ದು ಬರಲಾಗದು, ಮಾತೂ ನಿಂತಿದೆ. ನಿನ್ನೆ ನೀವು ಕೈ ಒರೆಸುತ್ತ, “ಇನ್ನ ಹೆಂಗ ಬರ್ತಾನಲೇ ಅಂವ?” ಎಂದು ನನ್ನನ್ನೇ ಕೇಳಿದಿರಿ.

ಅವರು ಬರಬೇಕಾಗಿರಲಿಲ್ಲ, ಇಮಾಮಭಾಯಿ. ಸಿನಿಮಾದಲ್ಲೂ ಹೋದವನು ನಮ್ಮ ಹೀರೋನೇ. ಹೊಸ್ತಿಲಲ್ಲಿ ಕೂತಾಗ ಅವನು ಸಣ್ಣವನಾಗಿರಲಿಲ್ಲ — ಅದನ್ನು ನೋಡುವ ಕಣ್ಣು ನನಗಿರಲಿಲ್ಲ.

ಮಾತು ಹೋದರೂ ಅಪ್ಪನಿಗೆ ಕೇಳಿಸುತ್ತದೆ ಎಂದು ಹಸನಭಾಯಿಯ ಮಗಳು ಫೋನಿನಲ್ಲಿ ಹೇಳಿದಳು. ನಾಳೆ ಬೆಳಿಗ್ಗೆ ಮುಂಡಗೋಡಿನ ಬಸ್ಸು ನಿಲ್ಲುವಲ್ಲಿ ನಾನಿರುತ್ತೇನೆ. ನೀವು ಬಾರದಿದ್ದರೂ ಹೋಗಿ, ನಾನು ಮಾಡಿದ್ದನ್ನು ಅವರಿಗೂ ಹೇಳುತ್ತೇನೆ. ಆದರೆ ಅವರು ಕಾಯುತ್ತಿರುವ ದನಿ ನನ್ನದಲ್ಲ.

ಕತ್ತರಿಸಿದ ಮಾತನ್ನು ಮೊದಲು ಕತ್ತರಿಸಿದವನೇ ಹೇಳಬೇಕು.

ತಪ್ಪಾತು, ಇಮಾಮಭಾಯಿ.