ಯಾರೂ ಇಲ್ಲ ಎಂದು ಬರೆದ ಪತ್ರ

ಹುಣಸೂರಿನ ಒಂದು ಸಣ್ಣ ಸಂಸ್ಥೆಗಾಗಿ ನಾನು ದಾನಿಗಳಿಗೆ ಪತ್ರ ಬರೆಯುತ್ತೇನೆ. ಹಾಸಿಗೆ ಹಿಡಿದವರ ಮನೆಗೆ ನಮ್ಮ ನರ್ಸ್ ಹೋಗಿ ಗಾಯ ತೊಳೆದು, ನೋವಿನ ಮಾತ್ರೆ ಕೊಟ್ಟು ಬರುತ್ತಾರೆ. ಅವರ ಓಡಾಟಕ್ಕೂ ಮಾತ್ರೆಗೂ ಹಣ ಬರುವುದು ಈ ಪತ್ರಗಳಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೈಸೂರಿನ ತರಬೇತಿಯೊಂದರಲ್ಲಿ ಹೇಳಿಕೊಟ್ಟಿದ್ದರು: ಒಬ್ಬರ ಕಥೆಯನ್ನಷ್ಟೇ ಹೇಳಿ, ಓದುವವರನ್ನು ‘ನೀವು’ ಎಂದು ಕರೆಯಿರಿ, ತಾವಿಲ್ಲದೆ ಇದು ಆಗದು ಎಂದು ಅವರಿಗೆ ಅನ್ನಿಸಬೇಕು.

ಬೆಟ್ಟದಪುರದ ಹತ್ತಿರದ ಹಳ್ಳಿಯಲ್ಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ವಿಧವೆಯೊಬ್ಬರಿದ್ದರು. ನರ್ಸ್ ಜೊತೆ ಹೋಗಿ ನೋಡಿಬಂದು ಅವರ ಬಗ್ಗೆ ಬರೆದೆ. ನಾವು ಹೋದಾಗ ಅವರ ತಲೆ ಬಾಚುತ್ತ ಕೂತಿದ್ದವರು ವಾರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ. ನಮಗೆ ಕಾಫಿ ಕೊಟ್ಟವರೂ ಅವರೇ. ಅವರನ್ನು ಪತ್ರದಲ್ಲಿ ಸೇರಿಸಿದರೆ ಓದುವವರ ಮರುಕ ಕಡಿಮೆಯಾದೀತು ಎನ್ನಿಸಿತು. ‘ಇವರಿಗೆ ಯಾರೂ ಇಲ್ಲ, ನೀವಲ್ಲದೆ’ ಎಂದು ಬರೆದೆ. ಅದಕ್ಕೆ ಮುಂಚೆ ಯಾವ ಪತ್ರಕ್ಕೂ ಬಾರದಷ್ಟು ನೆರವು ಬಂತು.

ರೋಗಿಯ ಹೆಸರು ಬದಲಿಸಿದ್ದೆ, ಊರಿನ ಹೆಸರು ಹಾಗೆಯೇ ಬಿಟ್ಟಿದ್ದೆ. ಪಿರಿಯಾಪಟ್ಟಣದ ದಾನಿಯೊಬ್ಬರು, ನಿವೃತ್ತ ಮೇಷ್ಟ್ರು, ಹಣ್ಣು ಹಿಡಿದು ಆ ಮನೆ ಹುಡುಕಿಕೊಂಡು ಹೋದರು. ಬಾಗಿಲು ತೆಗೆದವರು ವಾರಗಿತ್ತಿ. ಮೇಷ್ಟ್ರು ಗಲಿಬಿಲಿಗೊಂಡು ಜೇಬಿನಿಂದ ಪತ್ರ ತೆಗೆದು ಅವರೆದುರೇ ಓದಿಬಿಟ್ಟರು.

ನರ್ಸ್ ಬಂದು ಇದನ್ನು ಹೇಳಿದ ಮಾರನೆಯ ದಿನವೇ ನಾನು ಬಸ್ ಹತ್ತಿದೆ. ವಾರಗಿತ್ತಿ ಹಿತ್ತಲಲ್ಲಿ ರೋಗಿಯ ಹೊದಿಕೆ ಒಗೆಯುತ್ತಿದ್ದರು. ಬೈಯಲಿಲ್ಲ. ಕೈ ಒರೆಸಿಕೊಂಡು ಕೇಳಿದರು.

“ಅವತ್ತು ನಾನು ನಿಮ್ ಕಣ್ಗೆ ಬಿದ್ದೇ ಇರ್ನಿಲ್ವಾ?”

“ಬಿದ್ದಿದ್ರಿ.”

“ಮತ್ಯಾಕ್ ಅಂಗ್ ಬರದ್ರಿ? ಆರು ವರ್ಸದಿಂದ ಎತ್ತಿ ಕೂರಿಸ್ತಿವ್ನಿ ಕಣ್ರೀ. ಓದ್ದೋರೆಲ್ಲ ಈ ಮನೇಲಿ ಮನ್ಸ್ರೇ ಇಲ್ಲ ಅನ್ಕಂಡಿರಲ್ವಾ?”

“ಹಾಗೆ ಬರೆದ್ರೆ ಜನ ಬೇಗ ಕೊಡ್ತಾರೆ ಅಂತ...” ತಪ್ಪಾಯಿತು ಎಂದೆ.

ಒಳಗಿನಿಂದ ರೋಗಿ ಕೂಗಿದರು. “ಅವ್ರನ್ನ ಬುಡು. ನನ್ನ ಈ ಕಡೀಕ್ ತಿರುಗ್ಸು ಬಾ.”

ನಾನೂ ಒಳಗೆ ಹೋಗಿ ಕೈಜೋಡಿಸಿದೆ. ಎಲ್ಲಿ ಹಿಡಿಯಬೇಕೆಂದು ತಿಳಿಯಲಿಲ್ಲ, ವಾರಗಿತ್ತಿ ತೋರಿಸಿಕೊಟ್ಟರು. ಆ ಬಡಕಲು ಮೈ ಅಷ್ಟು ಭಾರವಿರುತ್ತದೆಂದು ನಾನು ಊಹಿಸಿರಲಿಲ್ಲ.

ಹೊರಡುವಾಗ, ಅದೇ ದಾನಿಗಳಿಗೆಲ್ಲ ನಿಜ ತಿಳಿಸಿ ಬರೆಯುತ್ತೇನೆ, ನಿಮ್ಮ ಹೆಸರು ಹಾಕಲೇ ಎಂದು ಕೇಳಿದೆ.

“ಎಸರು ಬ್ಯಾಡ. ವಾರಗಿತ್ತಿ ನೋಡ್ಕತಾವ್ಳೆ ಅಂತ ಬರೀರಿ, ಸಾಕು.”

ಸಂಸ್ಥೆಯ ಮುಖ್ಯಸ್ಥರು ಕರಡನ್ನು ಎರಡು ಸಲ ಓದಿದರು. “ಜನರ ನಂಬಿಕೆ ಹೋದರೆ?” ಎಂದರು. ಮೇಷ್ಟ್ರ ನಂಬಿಕೆ ಈಗಾಗಲೇ ಹೋಗಿದೆ ಎಂದೆ. ಸಹಿ ಹಾಕಿದರು. ಆ ಪತ್ರದಲ್ಲಿ ಏನನ್ನೂ ಬೇಡಲಿಲ್ಲ. ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಕೆಲವರು ಕೊಡುವುದನ್ನೇ ನಿಲ್ಲಿಸಿದರು. ಕೆ.ಆರ್. ನಗರದ ಹೆಂಗಸೊಬ್ಬರು ಫೋನ್ ಮಾಡಿ, ಅತ್ತೆಯನ್ನು ಕೊನೆಯವರೆಗೆ ತಾವೊಬ್ಬರೇ ನೋಡಿಕೊಂಡಿದ್ದನ್ನು ಹೇಳುತ್ತ ಅತ್ತರು. ಮೇಷ್ಟ್ರಿಂದ ಉತ್ತರ ಬರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಆ ರೋಗಿ ತೀರಿಕೊಂಡರು.

ಈಗ ಯಾವ ಪತ್ರವನ್ನೇ ಆಗಲಿ, ಅಂಚೆಗೆ ಹಾಕುವ ಮುನ್ನ ಆ ಮನೆಯವರಿಗೆ ಓದಿ ಹೇಳುತ್ತೇನೆ. ಮೊನ್ನೆ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಕಡೆಯ ಮುದುಕರೊಬ್ಬರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

“‘ಪಾಪ’ ಅನ್ನೋ ಮಾತು ಎರಡ್ ಕಡೆ ಬಂತು,” ಎಂದರು. “ಒಂದ್ ತಗೀರಿ.”

ಎರಡನ್ನೂ ತೆಗೆದೆ.